‘ಇನ್ನೂ ಸ್ವಲ್ಪ ನೋವು’: ಮಕ್ಕಳ ನೋವಿನ ಮಾಪಕಗಳ ಭಾಷೆಯನ್ನು ಕುರಿತು

ಮಗುವಿನ ನೋವನ್ನು ಅಳೆಯುವ ಸಾಧನಗಳನ್ನು ವೈದ್ಯಶಾಸ್ತ್ರವು ಸಿಂಧುತ್ವ, ವಿಶ್ವಾಸಾರ್ಹತೆಗಳೆಂಬ ಒರೆಗಲ್ಲುಗಳ ಮೇಲೆ ತಿಕ್ಕಿ ನೋಡುತ್ತದೆ. ಅವುಗಳನ್ನು ಪಠ್ಯಗಳೆಂದು ಪರಿಗಣಿಸಿ ಓದಬೇಕಾದವರು ಭಾಷಾವಿಜ್ಞಾನಿಗಳು. ಆ ಕೆಲಸವನ್ನು ನಾವು ಬಹುಮಟ್ಟಿಗೆ ಇತರರಿಗೆ ಬಿಟ್ಟುಕೊಟ್ಟಿದ್ದೇವೆ. ಮಗು ತೋರಿಸಿದ ಅಂಕಿಯನ್ನು ನೋಡಿ ನೋವುಶಾಮಕದ ಪ್ರಮಾಣವನ್ನು ನಿರ್ಧರಿಸುವ ವಾರ್ಡಿನಲ್ಲಿ ಇದು ಸಣ್ಣ ಲೋಪವಲ್ಲ. ನವಜಾತ ಶಿಶುವಿಗೆ ನೋವಿನ ಅನುಭವವೇ ಇಲ್ಲವೆಂಬ ನಂಬಿಕೆಯನ್ನು ಆನಂದ್ ಮತ್ತು ಹಿಕ್ಕಿ ಅವರ ಲೇಖನ ಅಲುಗಾಡಿಸಿದ್ದು 1987ರಷ್ಟು ಈಚೆಗೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಇಲ್ಲಿ ನಾವು ಎತ್ತಿಕೊಳ್ಳುವುದು ಮುಖಚಿತ್ರಗಳ ಮಾಪಕವನ್ನು. ಡೊನ್ನಾ ವಾಂಗ್ ಮತ್ತು ಕಾನೀ ಬೇಕರ್ 1980ರ ದಶಕದಲ್ಲಿ ರೂಪಿಸಿದ ಮಾಪಕದಲ್ಲಿ ಆರು ಮುಖಗಳಿವೆ: ಮೊದಲನೆಯದು ನಗುಮುಖ, ಕೊನೆಯದು ಕಣ್ಣೀರಿಡುವ ಮುಖ. ಪ್ರತಿ ಮುಖದ ಕೆಳಗೆ 0ಯಿಂದ 10ರವರೆಗಿನ ಸಮಸಂಖ್ಯೆ ಮತ್ತು ಒಂದು ಪದಪುಂಜ. ನಗುಮುಖದಿಂದ ಆರಂಭವಾಗುವ ಮಾಪಕಗಳಲ್ಲಿ ಮಕ್ಕಳು ಹೆಚ್ಚು ನೋವನ್ನು ಸೂಚಿಸುತ್ತಾರೆಂದು ಚೇಂಬರ್ಸ್ ಮತ್ತು ಕ್ರೇಗ್ 1998ರಲ್ಲಿ ತೋರಿಸಿದರು. ಚಿತ್ರಗಳ ಬಗೆಗಿನ ಈ ಎಚ್ಚರ ಪದಗಳ ಬಗೆಗೆ ಹುಟ್ಟಿಲ್ಲ ಎಂಬುದು ನಮ್ಮ ತಕರಾರು.

ಎರಡನೆಯ ಮುಖಕ್ಕೆ ‘ಸ್ವಲ್ಪ ನೋವು’, ಮೂರನೆಯದಕ್ಕೆ ಅದಕ್ಕಿಂತ ತುಸು ಹೆಚ್ಚು, ನಾಲ್ಕನೆಯದಕ್ಕೆ ಮತ್ತೂ ಹೆಚ್ಚು ಎಂಬುದು ಇಂಗ್ಲಿಷ್ ಪದಪುಂಜಗಳ ಕ್ರಮ. ಮೂರನೆಯದನ್ನು ಕನ್ನಡಿಸುವವರಿಗೆ ‘ಇನ್ನೂ ಸ್ವಲ್ಪ ನೋವು’ ಎಂಬುದು ತಾನಾಗಿ ಒದಗುತ್ತದೆ. ಆದರೆ ‘ಇನ್ನೂ ಸ್ವಲ್ಪ ಅನ್ನ ಹಾಕು’ ಎಂಬಲ್ಲಿ ಅಧಿಕತೆಯನ್ನು ಹೇಳುವ ಅದೇ ‘ಇನ್ನೂ’, ‘ಇನ್ನೂ ಸ್ವಲ್ಪ ನೋವಿದೆ’ ಎಂಬಲ್ಲಿ ಮುಂದುವರಿಕೆಯನ್ನು ಹೇಳುತ್ತದೆ. ನೋವು ಪೂರ್ತಿ ಹೋಗಿಲ್ಲ, ತುಸು ಉಳಿದಿದೆ ಎಂಬುದೇ ಎರಡನೆಯ ವಾಕ್ಯದ ಸಹಜ ಅರ್ಥ. ಸ್ಥಿತಿವಾಚಕ ಆಖ್ಯಾತದೊಡನೆ ಬಂದಾಗ ‘ಇನ್ನೂ’ ಕಾಲದ ಕಡೆಗೆ ವಾಲುತ್ತದೆ. ಪರಿಣಾಮವಾಗಿ ಮಾಪಕದಲ್ಲಿ ಏರುಮುಖವಾಗಬೇಕಾದ ಮೆಟ್ಟಿಲು ಮಗುವಿನ ಕಿವಿಗೆ ಇಳಿಮುಖವಾಗಿ ಕೇಳಿಸಬಹುದು. ‘ಇನ್ನೂ ಜಾಸ್ತಿ’ ಎಂದರೆ ಸಂದಿಗ್ಧತೆ ಬಹಳಮಟ್ಟಿಗೆ ನೀಗುತ್ತದೆ, ನಿಜ. ಆದರೆ ಕನ್ನಡದಲ್ಲಿ ತರತಮವನ್ನು ಸೂಚಿಸುವ ಪ್ರತ್ಯಯವಿಲ್ಲದಿರುವುದರಿಂದ ‘ಯಾವುದಕ್ಕಿಂತ’ ಎಂಬುದನ್ನು ಸಂದರ್ಭವೇ ಒದಗಿಸಬೇಕು. ಹಿಂದಿನ ಮುಖವನ್ನು ನೆನಪಿಡದ ನಾಲ್ಕು ವರ್ಷದ ಮಗುವಿಗೆ ಆ ಸಂದರ್ಭ ಎಲ್ಲಿದೆ?

ಭಾಷಾಂತರವನ್ನು ಮರಳಿ ಮೂಲಭಾಷೆಗೆ ತಂದು ಹೋಲಿಸುವ ವಾಡಿಕೆಯ ಪರೀಕ್ಷೆ ಇಂಥ ದೋಷವನ್ನು ಹಿಡಿಯಲಾರದು. ‘ಇನ್ನೂ ಸ್ವಲ್ಪ ನೋವು’ ಎಂಬುದನ್ನು ಮಾಪಕದ ಹಾಳೆಯಲ್ಲಿ ಕಂಡ ಅನುವಾದಕ ಅದನ್ನು ಮೂಲದ ಪದಪುಂಜಕ್ಕೇ ಮರಳಿಸುತ್ತಾನೆ, ಏಕೆಂದರೆ ಅವನ ಮುಂದೆ ಹಾಳೆಯಿದೆ. ಮಗುವಿನ ಮುಂದಿರುವುದು ಹಾಳೆಗಿಂತ ಹೆಚ್ಚಾಗಿ ಅದರ ಹೊಟ್ಟೆನೋವು.

ಹ್ಯಾಲಿಡೇ 1998ರಲ್ಲಿ ನೋವಿನ ವ್ಯಾಕರಣವನ್ನು ಕುರಿತು ಬರೆದಾಗ, ಇಂಗ್ಲಿಷಿನಲ್ಲಿ ನೋವು ಕ್ರಿಯೆಯಾಗಿ, ಗುಣವಾಗಿ, ವಸ್ತುವಾಗಿ ಬೇರೆಬೇರೆ ವೇಷಗಳಲ್ಲಿ ಬರುವುದನ್ನು ಗುರುತಿಸಿದರು. ಕನ್ನಡದಲ್ಲಿ ಅನುಭವಿಸುವವನು ಚತುರ್ಥಿಯಲ್ಲಿ ನಿಲ್ಲುತ್ತಾನೆ: ‘ನನಗೆ ತಲೆ ನೋಯುತ್ತಿದೆ’. ಅದಕ್ಕಿಂತ ಮುಖ್ಯವಾದದ್ದು ‘ನೋಯು’ ಮತ್ತು ‘ನೋವಾಗು’ಗಳ ಅಂತರ. ಬಿದ್ದ ಮಗುವನ್ನು ಎತ್ತಿಕೊಂಡು ‘ನೋವಾಯ್ತಾ?’ ಎಂದು ಕೇಳುವವರು ಒಂದು ಘಟನೆಯನ್ನು ವಿಚಾರಿಸುತ್ತಾರೆ, ‘ನೋಯ್ತಾ ಇದೆಯಾ?’ ಎನ್ನುವವರು ಸ್ಥಿತಿಯನ್ನು. ಈ ಕ್ಷಣದ ನೋವನ್ನು ಅಳೆಯಬೇಕಾದ ಮಾಪಕ ‘ಎಷ್ಟು ನೋವಾಯ್ತು?’ ಎಂದು ಕೇಳಿದರೆ ಬರುವ ಉತ್ತರ ಸೂಜಿ ಚುಚ್ಚಿದ ಗಳಿಗೆಯದಾಗಿರಬಹುದು.

ಪದದ ಆಯ್ಕೆಯ ತೊಡಕು ಬೇರೆ. ಚಿಲ್ಡಿಸ್ ದತ್ತಸಂಚಯವನ್ನು ಆಧರಿಸಿದ 2005ರ ಅಧ್ಯಯನವೊಂದು, ಇಂಗ್ಲಿಷ್ ಮಕ್ಕಳು ಕ್ರಿಯಾಪದ ಮತ್ತು ಉದ್ಗಾರಗಳನ್ನು ಬೇಗ ಕಲಿತು, ‘ಪೇನ್’ ಎಂಬ ನಾಮಪದವನ್ನು ವಿರಳವಾಗಿ ಬಳಸುತ್ತಾರೆಂದು ತೋರಿಸಿತು. ಕನ್ನಡದಲ್ಲಿ ಈ ಬಗೆಯ ದತ್ತವನ್ನು ಕಲೆಹಾಕುವವರೆಗೆ ನಾವು ಸ್ವಂತ ಭಾಷಾಪ್ರಜ್ಞೆಯ ಮೇಲೆ ಮಾತನಾಡುತ್ತಿದ್ದೇವೆಂಬುದನ್ನು ಮರೆಮಾಚಬೇಕಿಲ್ಲ. ಆದರೂ ಉತ್ತರ ಕರ್ನಾಟಕದ ಮಗುವಿಗೆ ‘ಹೊಟ್ಟಿಬ್ಯಾನಿ’ ದಿನನಿತ್ಯದ ಮಾತು. ಮೈಸೂರು ಕಡೆಯವರಿಗೆ ‘ಬೇನೆ’ ಎಂದೊಡನೆ ನೆನಪಾಗುವುದು ಹೆರಿಗೆ. ಹೊಟ್ಟೆ ‘ಕಡಿಯುತ್ತದೆ’ ಎಂದು ಒಂದು ಕಡೆಯ ಮಗು ನೋವನ್ನು ಹೇಳಿದರೆ, ‘ಕಡಿತ’ವೆಂಬುದು ಇನ್ನೊಂದು ಕಡೆ ತುರಿಕೆ. ‘ಮನಸ್ಸಿಗೆ ನೋವಾಯಿತು’ ಎಂಬ ಬಳಕೆಯಿಂದಾಗಿ, ಅಮ್ಮ ಹತ್ತಿರವಿಲ್ಲವೆಂದು ಅಳುವ ಮಗು ‘ನೋವು’ ಎಂದರೆ ಅದು ಸುಳ್ಳೂ ಅಲ್ಲ.

ಇದಕ್ಕೆ ಎರಡು ಪ್ರತಿವಾದಗಳು ಸಾಧ್ಯ. ಮೊದಲನೆಯದು, ಮಾತನ್ನೇ ಬಿಟ್ಟು ನಡವಳಿಕೆಯನ್ನು ನೋಡಬಹುದಲ್ಲ ಎಂಬುದು. ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವಿಕೆಗಳಿಗೆ ತಲಾ 0ಯಿಂದ 2 ಅಂಕ ಕೊಡುವ 1997ರ ‘ಫ್ಲ್ಯಾಕ್’ ಮಾಪಕ ಮಾತು ಬಾರದ ಕೂಸಿಗೆ ಅನಿವಾರ್ಯವೇ. ಮಾತು ಬಲ್ಲ ಮಗುವಿಗೆ ಅದನ್ನೇ ಸಾಕೆನ್ನುವುದು ಅದರ ಸಾಕ್ಷ್ಯವನ್ನು ಕಿತ್ತುಕೊಂಡಂತೆ. ನೋವನ್ನು ಸುಮ್ಮನೆ ನುಂಗುವ ಮಗು ಅಲ್ಲಿ ಸೊನ್ನೆ ಪಡೆಯುತ್ತದೆ. ಎರಡನೆಯದು ಹೆಚ್ಚು ತೂಕದ್ದು: 2001ರ ಪರಿಷ್ಕೃತ ಮುಖಮಾಪಕವು ನಗುವನ್ನೂ ಕಣ್ಣೀರನ್ನೂ ಕೈಬಿಟ್ಟು, ಮುಖಗಳ ಕೆಳಗಿನ ಪದಪುಂಜಗಳನ್ನೂ ಬಿಟ್ಟಿದೆ. ಇದನ್ನು ನಾವು ಒಪ್ಪುತ್ತೇವೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಇದನ್ನೇ ಆರಿಸುತ್ತೇವೆ. ಆದರೆ ಅದರ ಸೂಚನೆಯನ್ನೂ ಯಾರಾದರೂ ಬಾಯಿಮಾತಿನಲ್ಲಿ ಹೇಳಲೇಬೇಕು. ಆಗ ‘ಇನ್ನೂ’ ಮತ್ತೆ ನುಸುಳುತ್ತದೆ. ಮಗುವಿಗೆ ಒಗ್ಗುವ ಪದವನ್ನು ಆರಿಸಿಕೊಳ್ಳಲು ಅದು ಕೇಳುವವರಿಗೆ ಅನುಮತಿ ಕೊಡುತ್ತದೆ. ಆ ಪದ ಯಾವುದೆಂದು ಬಲ್ಲವರು ಮಂಚದ ಪಕ್ಕದಲ್ಲಿ ಕುಳಿತ ತಾಯಿ ಅಥವಾ ಅಜ್ಜಿ. ಸೂಚನೆ ಓದುವ ಮುನ್ನ ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ?’ ಎಂದು ಅವರನ್ನು ಕೇಳಿ, ಬಂದ ಉತ್ತರವನ್ನು ಅಂಕಿಯ ಪಕ್ಕದಲ್ಲೇ ಬರೆದಿಡಲು ಚಿಕಿತ್ಸಾಪತ್ರದಲ್ಲಿ ಒಂದು ಸಾಲಿನ ಜಾಗ ಸಾಕು.