ಒಂದೇ ಗುರು, ಎರಡು ಕಂಠ

ಬೈರಿದೇವರಕೊಪ್ಪದಲ್ಲಿ ಮನೆ ಮಾಡಿಕೊಂಡು ಹಾಡು ಕಲಿಯುವವರ ಪಾಡು ಕಠಿಣ. ಚಿಗರಿ ಬಸ್ಸು ಹತ್ತಿ ಒಂದು ಕಡೆ ಹೋದರೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ಲರ ‘ಗಂಗಾ ಲಹರಿ’, ಇನ್ನೊಂದು ಕಡೆ ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ‘ಮೃತ್ಯುಂಜಯ’. ಮಗ್ಗುಲಿನ ಉಣಕಲ್ಲಿನಲ್ಲಿ ಗಂಗೂಬಾಯಿಯವರ ಹೆಸರಿನದೇ ಗುರುಕುಲ. ಈ ಸೀಮೆಯಲ್ಲಿ ಸಂಗೀತದ ಕ್ಲಾಸೆಂದರೆ ಗೋಡೆಯ ಮೇಲೆ ಹಾರ ಹಾಕಿದ ದಿಗ್ಗಜರ ಫೋಟೊ ಇರಲೇಬೇಕು. ಅವರ ಕಣ್ಣೆದುರಿಗೇ ಕೂತು ಸಾ ಹಚ್ಚಬೇಕು.

ಮೊನ್ನೆ ಆ ಊರಿನ ಹುಡುಗಿಯೊಬ್ಬಳು ಮೊಬೈಲಿನ ತಂಬೂರಿ ಬಂದ್ ಮಾಡಿ ಅಂದಳು: “ಕಾಕಾ, ಭೀಮಸೇನ ಜೋಶಿಯವರನ್ನ ಕೇಳಿದ ಮ್ಯಾಲೆ ನಂದೂ ಒಂದು ತಾನ ಅಂತ ಅನ್ನಸೂದ ಇಲ್ರಿ. ಟೀವ್ಯಾಗ ನೋಡಿದ್ರ ಸಣ್ಣ ಹುಡುಗೂರು ಹೆಂಗ್ ಹಾಡ್ತಾವ! ನಾ ಯಾಕ ಹಾಡ್ಬೇಕು?”

ರಿಯಾಜ್ ಮಾಡವ್ವಾ, ಎಲ್ಲಾ ಸರಿ ಹೋಗತೈತಿ ಎಂದುಬಿಡಬಹುದಿತ್ತು. ಎಲ್ಲವೂ ಸರಿ ಹೋಗುವುದಿಲ್ಲ ಎಂಬುದಕ್ಕೆ ಗಂಗೂಬಾಯಿಯವರೇ ಸಾಕ್ಷಿ. 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ಅವರ ರಿಕಾರ್ಡುಗಳನ್ನು ತಂದಿತು. ಅವುಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿಗೆ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಆ ದನಿ ಹೋಯಿತು. ಮರೆಯಲ್ಲಿ ನಿಂತು ಕೇಳಿದವರು ಗಂಡಸು ಹಾಡುತ್ತಿದ್ದಾನೆ ಅನ್ನುವಷ್ಟು ಗಡಸಾಯಿತು. ಬೇರೆಯವರೊಡನೆ ಹೋಲಿಸಿಕೊಂಡಾಗ ಅವರ ಮನೆತನ, ಅವರ ನಸೀಬು ಎಂದು ಸಮಾಧಾನ ಮಾಡಿಕೊಳ್ಳಲು ಬರುತ್ತದೆ. ತನ್ನದೇ ಹಳೆಯ ರಿಕಾರ್ಡು ತಿರುಗುತ್ತಿದ್ದರೆ ಯಾರ ಮೇಲೆ ಹಾಕುವುದು? ಅವರು ಕಳೆದ ದನಿಯ ಬೆನ್ನು ಹತ್ತಲಿಲ್ಲ. ಶ್ರುತಿ ಇಳಿಸಿದರು, ಉಳಿದ ದನಿಯಲ್ಲೇ ರಾಗ ಬೆಳೆಸಿದರು. ನಾವೆಲ್ಲ ಗಂಗೂಬಾಯಿ ಎಂದು ಗುರುತಿಸುವುದು ಆ ಎರಡನೆಯ ದನಿಯನ್ನೇ.

ಅವರ ಗುರು ಸವಾಯಿ ಗಂಧರ್ವರದೂ (1886–1952) ಹುಟ್ಟಾ ಇಂಪಿನ ಕಂಠವಲ್ಲ. ಕಚೇರಿಯಲ್ಲಿ ಅದು ಹದಕ್ಕೆ ಬರಲು ಹೊತ್ತು ಹಿಡಿಯುತ್ತಿತ್ತಂತೆ. ಅವರಲ್ಲಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗುತ್ತಿದ್ದರು. ಗುರುವಿನ ಮನೆಯಲ್ಲೇ ಇದ್ದು, ನೀರು ಹೊತ್ತು ಕಲಿಯುತ್ತಿದ್ದ ಭೀಮಸೇನರು ಅವರಿಗಿಂತ ಒಂಬತ್ತು ವರ್ಷ ಚಿಕ್ಕವರು. ಪಾಠ ಮುಗಿದ ಮೇಲೆ ರಾತ್ರಿ ಅಕ್ಕನನ್ನು ಸ್ಟೇಷನ್ನಿನ ತನಕ ಬಿಟ್ಟು ಬರುವ ಕೆಲಸವೂ ಅವರದೇ. ಜಿಪುಣ ದುಡ್ಡು ಬಿಚ್ಚಿದ ಹಾಗೆ ಸ್ವರ ಬಿಚ್ಚಬೇಕು ಎಂಬುದು ಗುರು ಕಲಿಸಿದ ಪಾಠ ಎಂದು ಗಂಗೂಬಾಯಿ ಹೇಳುತ್ತಿದ್ದರು. ಅಕ್ಕ ಕೊನೆಯವರೆಗೂ ಆ ಜಿಪುಣತನ ಬಿಡಲಿಲ್ಲ. ತಮ್ಮ ಭೀಮಸೇನರು ಕಂಡಕಂಡ ಉಸ್ತಾದರಿಂದ ಬೇಕಾದ್ದನ್ನು ಹೆಕ್ಕಿಕೊಂಡು ಧಾರಾಳಿಯಾದರು.

ಇಬ್ಬರ ಶುದ್ಧ ಕಲ್ಯಾಣದ ಧ್ವನಿಮುದ್ರಣಗಳೂ ಸಿಗುತ್ತವೆ. ಈ ರಾಗ ಏರುವಾಗ ಭೂಪ ರಾಗದ ದಾರಿ ಹಿಡಿಯುತ್ತದೆ. ಇಳಿಯುವಾಗ ಷಡ್ಜದಿಂದ ಧೈವತಕ್ಕೆ ಜಾರಿ ಬರುವ ಮೀಂಡಿನಲ್ಲಿ ನಿಷಾದ, ಪಂಚಮದಿಂದ ಗಾಂಧಾರಕ್ಕೆ ಬರುವಲ್ಲಿ ತೀವ್ರ ಮಧ್ಯಮ ಸುಳಿಯುತ್ತವೆ. ಎಷ್ಟು ತೋರಿಸಬೇಕು, ಎಷ್ಟು ಮುಚ್ಚಬೇಕು ಎಂಬುದರಲ್ಲೇ ಹಾಡುವವರ ಕಸಬು. ಇವರಿಬ್ಬರ ಕಿರಾಣಾ ಘರಾಣೆಯವರು ನಿಷಾದವನ್ನು ತುಸು ನಿಚ್ಚಳವಾಗಿ ತೋರುತ್ತಾರೆ. ಘರಾಣೆ ಒಂದೇ, ಗುರು ಒಬ್ಬರೇ. ಆದರೂ ಇಬ್ಬರೂ ಇಳಿಯುವ ರೀತಿ ಬೇರೆ. ಭೀಮಸೇನರ ತಾನಕ್ಕೆ ಎದುರಿಲ್ಲ, ಒಪ್ಪಿದೆ. ವಿಲಂಬಿತದಲ್ಲಿ ಮಾತ್ರ ನನ್ನ ಕಿವಿಗೆ ಬಾಯಿಯವರೇ ಒಂದು ಕೈ ಮೇಲು. (ಹೋಲಿಸಬೇಡ ಅನ್ನುವವನೇ ಹೋಲಿಸುತ್ತಿದ್ದೇನಲ್ಲ! ಟಿಕೀಟು ತಗೊಂಡು ಕೂತವರಿಗೆ ಅಷ್ಟು ಹಕ್ಕಿದೆ.)

ಹುಡುಗಿಗೆ ನಾನು ಹೇಳಿದ್ದೂ ಹೋಲಿಸಬೇಡ ಎಂದಲ್ಲ. ಅವರು ಇಷ್ಟು ದೊಡ್ಡವರು, ನಾನಿಷ್ಟು ಸಣ್ಣವಳು ಎಂದು ಅಳೆದರೆ ಕಲಿಯಲು ಏನೂ ಸಿಗುವುದಿಲ್ಲ. ಅದೇ ಒಂದು ಮೀಂಡಿಗೆ ಇನ್ನೊಂದು ಮೀಂಡು ಇಟ್ಟು ನೋಡಿದರೆ ಇವತ್ತಿನ ಸಂಜೆಯ ಅಭ್ಯಾಸಕ್ಕೆ ಕೆಲಸ ಸಿಕ್ಕಿತು. ಟೀವಿಯ ಮಕ್ಕಳ ಮಾತು ಬಿಡಿ. ಮೂರು ನಿಮಿಷದಲ್ಲಿ ತಾನ ತೋರಿಸಬಹುದು, ನಿಧಾನಕ್ಕೆ ರಾಗ ಬೆಳೆಸುವ ಬಢತ್ ತೋರಿಸಲಾಗದು.

“ಹಂಗಾರ ಯಾರದು ಮೊದಲ ಕೇಳ್ಲಿ?” ಅಂದಳು. ಗಂಗೂಬಾಯಿಯವರದು. ಭೀಮಸೇನರ ದ್ರುತ್ ಕೇಳಿದ ಕಿವಿ ಮತ್ತೆ ನಿಧಾನಕ್ಕೆ ಒಗ್ಗುವುದಿಲ್ಲ. ಮೊಬೈಲಿನ ಸ್ಪೀಕರಿನಲ್ಲಂತೂ ಬೇಡ, ಮಂದ್ರದ ಅರ್ಧ ಅದರಲ್ಲಿ ಕೇಳಿಸುವುದೇ ಇಲ್ಲ.