ಮೇಲಕ್ಕಷ್ಟೇ ಬೆಳೆಯುವ ಮನೆಗಳು

ಕರ್ನಾಟಕದ ಯಾವ ಊರಿನ ಹೊಸ ಬಡಾವಣೆಗೆ ಹೋದರೂ ತಾರಸಿಗಳ ಮೇಲೆ ತುಕ್ಕು ಹಿಡಿದ ಕಂಬಿಗಳು ನೆಟ್ಟಗೆ ನಿಂತಿರುತ್ತವೆ. ಪಿಲ್ಲರ್‌ಗಳಿಂದ ಎರಡು ಮೂರು ಅಡಿ ಹೊರಗೆ ಬಿಟ್ಟ ಈ ಕಂಬಿಗಳು ಮುಂದೆಂದೋ ಏಳಬೇಕಾದ ಮಹಡಿಗಾಗಿ. ಮಗನ ಮದುವೆಯಾದರೆ ಅವನಿಗೆ, ಇಲ್ಲವಾದರೆ ಬಾಡಿಗೆಗೆ. ಮನೆ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ ಎಂಬ ತಿಳಿವಳಿಕೆ ನಮಗಿದೆ ಎನ್ನುವುದಕ್ಕೆ ಇದೇ ಸಾಕ್ಷಿ. ಆದರೆ ಆ ಮುಂದಾಲೋಚನೆಗೆ ಇರುವುದು ಒಂದೇ ದಿಕ್ಕು. ಸಂಸಾರ ದೊಡ್ಡದಾದರೆ ಏನು ಮಾಡಬೇಕೆಂದು ಯೋಚಿಸಿದ್ದೇವೆ. ಮಕ್ಕಳು ಬೇರೆ ಊರು ಸೇರಿ, ಮಂಡಿ ಸವೆದು, ಮನೆಯಲ್ಲಿ ಇಬ್ಬರೋ ಒಬ್ಬರೋ ಉಳಿದಾಗ ಅದೇ ಮನೆ ಹೇಗಿರಬೇಕೆಂದು ಯೋಚಿಸಿಲ್ಲ. ನಮ್ಮ ಮನೆ ಕಟ್ಟುವ ರೂಢಿಯ ಮೂಲ ದೋಷ ಇಲ್ಲಿದೆ.

30×40 ಸೈಟಿನ ಮನೆಯನ್ನೇ ನೋಡೋಣ. ನಗರದ ಮಧ್ಯಮವರ್ಗ ತನ್ನ ಉಳಿತಾಯವನ್ನೆಲ್ಲ ಸುರಿಯುವುದು ಬಹುಪಾಲು ಈ 1,200 ಚದರ ಅಡಿಯ ಮೇಲೆ. ಬ್ಯಾಂಕಿನ ಸಾಲವೂ ಮೈಯ ಕಸುವೂ ಕೂಡಿಬರುವ ವಯಸ್ಸಿನಲ್ಲಿ ಕಟ್ಟಿಸುವುದರಿಂದ ಪ್ಲಾನ್ ಆ ವಯಸ್ಸಿಗೇ ಹೊಂದಿಕೊಂಡಿರುತ್ತದೆ. ನೆಲಮಹಡಿಯ ದೊಡ್ಡ ಭಾಗ ಕಾರಿಗೆ, ಉಳಿದದ್ದು ಹಾಲ್ ಮತ್ತು ಅಡುಗೆಮನೆಗೆ. ಮಲಗುವ ಕೋಣೆಗಳೆಲ್ಲ ಮೇಲೆ. ಹತ್ತು ಅಡಿ ಎತ್ತರಕ್ಕೆ, ಏಳೇಳು ಇಂಚಿನಂತೆ, 17 ಮೆಟ್ಟಿಲು. ಜಾಗ ಉಳಿಸಲೆಂದು ತಿರುವಿನಲ್ಲಿ ತ್ರಿಕೋನಾಕಾರದ ಮೆಟ್ಟಿಲು ಕೂರಿಸುತ್ತಾರೆ. ಅದರ ಒಳತುದಿಯಲ್ಲಿ ಪಾದ ಪೂರ್ತಿ ಊರುವುದಿಲ್ಲ. ಬಚ್ಚಲಿನ ಬಾಗಿಲು ಎರಡೂವರೆ ಅಡಿ. ಚೌಕಟ್ಟು ಕಳೆದರೆ ಉಳಿಯುವುದು ಎರಡು ಅಡಿಗಿಂತ ಚೂರು ಹೆಚ್ಚು. ಸಾಮಾನ್ಯ ವೀಲ್‌ಚೇರಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಚಕ್ರ ತಳ್ಳುವ ಕೈಗೆ ಜಾಗವೇ ಇಲ್ಲ. ಇನ್ನು ಪಾಯ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ಮಳೆನೀರು ಒಳಗೆ ನುಗ್ಗುತ್ತದೆ ಎಂದು ಎರಡು ಅಡಿ ಎತ್ತರಿಸುತ್ತಾರೆ. ಅದು ನ್ಯಾಯವಾದ ಭಯವೇ. ಆದರೆ ಒಂದು ಅಡಿ ಏರಲು ಹನ್ನೆರಡು ಅಡಿ ಇಳಿಜಾರು ಬೇಕು ಎನ್ನುವುದು ವೀಲ್‌ಚೇರಿನ ಲೆಕ್ಕ. ಎರಡು ಅಡಿಗೆ 24 ಅಡಿ ಉದ್ದದ ರ‍್ಯಾಂಪ್. ಮೂವತ್ತು ನಲವತ್ತು ಅಡಿಯ ಸೈಟಿನಲ್ಲಿ ಮನೆ ಎದ್ದ ಮೇಲೆ ಅದಕ್ಕೆ ಎಡೆ ಹುಡುಕಿದರೆ ಸಿಗುವುದಿಲ್ಲ. ಪಾಯ ತೋಡುವ ದಿನವೇ ನೆನಪಾಗಿದ್ದರೆ ಪಕ್ಕದ ಖಾಲಿ ಪಟ್ಟಿಯನ್ನು ಅದಕ್ಕೆ ಮೀಸಲಿಡಬಹುದಿತ್ತು.

ಕೋಣೆಗಳ ವಿಷಯದಲ್ಲೂ ಇದೇ ಗಡಸುತನ. ಮಾಸ್ಟರ್ ಬೆಡ್‌ರೂಮ್, ಮಕ್ಕಳ ರೂಮ್, ಗೆಸ್ಟ್ ರೂಮ್ ಎಂದು ಹೆಸರಿಟ್ಟು, ಆ ಹೆಸರಿಗೆ ತಕ್ಕಂತೆ ಮಂಚ, ಬೀರು, ಓದುವ ಮೇಜನ್ನು ಗೋಡೆಗೇ ಬಿಗಿಸುತ್ತೇವೆ. ಆರು ವರ್ಷದ ಮಗುವಿನ ಅಳತೆಗೆ ಮಾಡಿಸಿದ ಅಟ್ಟದ ಮಂಚ ಹದಿನಾರಕ್ಕೆ ಕೆಲಸಕ್ಕೆ ಬಾರದು. ತೊಟ್ಟಿಮನೆಯ ಪಡಸಾಲೆಗೆ ಇಂಥ ಹಣೆಪಟ್ಟಿ ಇರಲಿಲ್ಲ. ಹಗಲು ಅಲ್ಲೇ ಕಾಳು ಹಸನು ಮಾಡುತ್ತಿದ್ದರು, ರಾತ್ರಿ ಚಾಪೆ ಬಿಚ್ಚುತ್ತಿದ್ದರು, ಮದುವೆ ಬಂದರೆ ಎಲೆ ಹಾಕುತ್ತಿದ್ದರು. ಬಾಣಂತಿಯ ಕೋಣೆ ಮುಂದೆ ಹಾಸಿಗೆ ಹಿಡಿದ ಅಜ್ಜಿಯದಾಗುತ್ತಿತ್ತು. ಅಣ್ಣತಮ್ಮಂದಿರು ಪಾಲಾದರೆ ನಡುವೆ ಗೋಡೆ ಎದ್ದು ಇನ್ನೊಂದು ಒಲೆ ಹೊತ್ತಿಕೊಳ್ಳುತ್ತಿತ್ತು. ಹಾಗೆಂದು ತೊಟ್ಟಿಮನೆಯನ್ನು ಆದರ್ಶವೆಂದು ಹೊಗಳುವುದು ತಪ್ಪು. ಹೊಗೆ ತುಂಬಿದ ಕತ್ತಲ ಅಡುಗೆಮನೆ, ತಲೆ ಬಗ್ಗಿಸಿ ಹೊಗಬೇಕಾದ ಬಾಗಿಲು, ಎತ್ತರದ ಹೊಸ್ತಿಲು, ಹಿತ್ತಲಾಚೆ ನಡೆದುಹೋಗಬೇಕಾದ ಬಯಲು, ಇವೆಲ್ಲದರ ಕಷ್ಟ ಬಿದ್ದದ್ದು ಹೆಂಗಸರು ಮತ್ತು ಮುದುಕರ ಮೇಲೆಯೇ. ಅಲ್ಲಿಂದ ತರಬೇಕಾದದ್ದು ಕಂಬ, ಹೆಂಚು, ತೊಟ್ಟಿಯ ಅಲಂಕಾರವನ್ನಲ್ಲ. ಕೋಣೆಗೆ ಒಂದೇ ಕೆಲಸ ಕಟ್ಟದ ಗುಣವನ್ನು. ಈಗ ಲಕ್ಷಗಟ್ಟಲೆ ಸುರಿದು ಕಟ್ಟುವ ‘ಸಾಂಪ್ರದಾಯಿಕ’ ಬಂಗಲೆಗಳಲ್ಲಿ ಅಲಂಕಾರ ಬಂದಿದೆ, ಗುಣ ಬಂದಿಲ್ಲ.

ಆಧುನಿಕ ಕಟ್ಟಡದಲ್ಲಿ ಇಂಥ ಬದಲಾಗುವ ಗುಣ ಬಾರದು ಎನ್ನುವವರಿಗೆ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ಎರಡು ಕೆಲಸಗಳು ಉತ್ತರ. 1973ರಲ್ಲಿ ಅಹಮದಾಬಾದಿನಲ್ಲಿ ಜೀವ ವಿಮಾ ನಿಗಮಕ್ಕಾಗಿ ರೂಪಿಸಿದ ವಸತಿಯಲ್ಲಿ ಅವರು ಕೆಳಗೆ ದೊಡ್ಡ ಮನೆ, ಅದರ ಮೇಲೆ ಚಿಕ್ಕದು, ಎಲ್ಲಕ್ಕಿಂತ ಮೇಲೆ ಇನ್ನೂ ಚಿಕ್ಕದನ್ನಿಟ್ಟು, ಮೂರಕ್ಕೂ ಸೇರಿ ಒಂದೇ ಮೆಟ್ಟಿಲು ಕೊಟ್ಟರು. ಮೇಲಿನ ಮನೆಗಳ ಮುಂದೆ ಬಿಟ್ಟ ತಾರಸಿ ಬೇಕಾದಾಗ ಕೋಣೆಯಾಗಬಹುದು. ಇಂದೋರಿನ ಅರಣ್ಯ ಬಡಾವಣೆಯಲ್ಲಿ, 1989ರಲ್ಲಿ, ಕಡುಬಡವರಿಗೆ ಅವರು ಕೊಟ್ಟದ್ದು ಪಾಯ, ನೀರು-ಶೌಚದ ಸೌಲಭ್ಯ. ಉಳಿದದ್ದನ್ನು ಕುಟುಂಬವೇ ಕೈಲಾದಾಗ ಕಟ್ಟಿಕೊಳ್ಳಬೇಕು. 80,000ಕ್ಕೂ ಹೆಚ್ಚು ಜನ ನೆಲೆಸಿರುವ ಆ ಬಡಾವಣೆಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಅಹಮದಾಬಾದಿನ ಮನೆಗಳಿಗೆ ನಿವಾಸಿಗಳು ಬಾಲ್ಕನಿ ಮುಚ್ಚಿ, ಕೋಣೆ ಸೇರಿಸಿ ಮೂಲರೂಪವನ್ನೇ ಬದಲಿಸಿದಾಗ ದೋಶಿ ಬೇಸರಪಡಲಿಲ್ಲ, ಒಪ್ಪಿಕೊಂಡರು. ವಾಸ್ತುಶಿಲ್ಪಿಗಳಲ್ಲಿ ಇದು ಅಪರೂಪದ ದೊಡ್ಡತನ. ಆದರೂ ಈ ಎರಡರಲ್ಲೂ ಒತ್ತು ಬೆಳವಣಿಗೆಯ ಮೇಲೆಯೇ ಇದೆ. ಲಿಫ್ಟ್ ಇಲ್ಲದ ಮೂರನೆಯ ಅಂತಸ್ತಿನ ಚಿಕ್ಕ ಮನೆಯಲ್ಲಿ ವಯಸ್ಸಾಗುವವರ ಪಾಡು ಏನೆಂಬ ಪ್ರಶ್ನೆ ಅಲ್ಲೂ ಬಗೆಹರಿದಿಲ್ಲ.

ವಯಸ್ಸಾದ ಮೇಲೆ ಮನೆ ಮಾರಿ ಫ್ಲ್ಯಾಟಿಗೆ ಹೋದರಾಯಿತು ಎಂಬ ಮಾತು ಸಾಮಾನ್ಯ. ಆದರೆ ಎಪ್ಪತ್ತರಲ್ಲಿ ಬೇಕಾಗುವುದು ಹೊಸ ಗೋಡೆಗಳಲ್ಲ. ಕೂಗಿದರೆ ಓಗೊಡುವ ನೆರೆಮನೆ, ಬಿಪಿ ಮಾತ್ರೆಯ ಹೆಸರು ಗೊತ್ತಿರುವ ಮೆಡಿಕಲ್ ಸ್ಟೋರ್, ನಡೆದು ಮುಟ್ಟಬಹುದಾದ ದೇವಸ್ಥಾನ. ಮನೆ ಮಾರಿದ ಹಣದಲ್ಲಿ ಇವನ್ನು ಕೊಳ್ಳಲಾಗದು. ಅದೂ ಅಲ್ಲದೆ ಈಗಿನ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಹಲವು ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದವು. ಅವುಗಳಲ್ಲಿ ಗೋಡೆಯೇ ಭಾರ ಹೊರುವ ಕಾಂಕ್ರೀಟ್. ಒಡೆಯುವಂತಿಲ್ಲ, ಬಾಗಿಲು ಅಗಲಿಸುವಂತಿಲ್ಲ. ಪಿಲ್ಲರ್-ಬೀಮ್‌ಗಳ ಸ್ವಂತ ಮನೆಯಲ್ಲಿ ಇಟ್ಟಿಗೆಯ ಒಳಗೋಡೆ ಬರಿಯ ಮರೆ; ಎಂಜಿನಿಯರ್ ನೋಡಿ ಒಪ್ಪಿದರೆ ತೆಗೆಯಬಹುದು. ಬದಲಾಗುವ ಶಕ್ತಿ ಇರುವ ಮನೆಯನ್ನು ಮಾರಿ ಅದಿಲ್ಲದ ಮನೆಗೆ ಹೋಗುವುದನ್ನು ಜಾಣತನ ಎನ್ನಲಾಗದು.

ಖರ್ಚಿನ ಆಕ್ಷೇಪಣೆ ಇದಕ್ಕಿಂತ ಗಟ್ಟಿ, ಏಕೆಂದರೆ ಸಾಲದ ಕಂತು ಶುರುವಾದವರಿಗೆ ಒಂದೊಂದು ಸಾವಿರವೂ ಭಾರ. ಆದರೆ ಬಾಗಿಲನ್ನು ಆರು ಇಂಚು ಅಗಲಿಸುವುದಕ್ಕೆ, ಕಮೋಡಿನ ಪಕ್ಕದ ಗೋಡೆಯನ್ನು ಹಿಡಿಕೆ ಬಿಗಿಯುವಷ್ಟು ಗಟ್ಟಿಯಾಗಿ ಕಟ್ಟುವುದಕ್ಕೆ, ಬಚ್ಚಲಿಗೆ ಒರಟು ಟೈಲ್ಸ್ ಹಾಕುವುದಕ್ಕೆ ಕಟ್ಟುವಾಗ ತಗಲುವ ಹೆಚ್ಚುವರಿ ಹಣ ಫಾಲ್ಸ್ ಸೀಲಿಂಗಿನ ಖರ್ಚಿಗೂ ಸಾಟಿಯಲ್ಲ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಒಡೆದು ಮಾಡಿಸಿದರೆ ಅದೇ ಕೆಲಸ ಹಲವು ಪಟ್ಟು ದುಬಾರಿ. ಹೊಸ್ತಿಲು ತೆಗೆಯಬಾರದೆಂದು ವಾಸ್ತುವಿನ ಅಡ್ಡಿಯನ್ನೂ ಮುಂದಿಡುತ್ತಾರೆ. ಅರಿಸಿನ-ಕುಂಕುಮ ಹಚ್ಚುವ ಹೊಸ್ತಿಲು ತಲೆಬಾಗಿಲಿನದು; ಅದು ಇರಲಿ. ಬಚ್ಚಲಿನ ಎಡವುಗಲ್ಲಿಗೆ ಯಾರೂ ಪೂಜೆ ಮಾಡುವುದಿಲ್ಲ.

ಮನೆ ಕಟ್ಟಿಸಲು ಹೊರಟವರು ಪ್ಲಾನ್ ಕೈಗೆ ಬಂದ ದಿನ ಎಂಜಿನಿಯರ್ ಎದುರು ಕೂತು ಮೂರು ಪ್ರಶ್ನೆ ಕೇಳಬೇಕು. ನೆಲಮಹಡಿಯಲ್ಲೇ ಬಚ್ಚಲಿರುವ ಒಂದು ಕೋಣೆ ಎಲ್ಲಿದೆ? ಮಹಡಿಗೆ ಹೊರಗಿನಿಂದಲೂ ಮೆಟ್ಟಿಲಿಟ್ಟು ಮುಂದೆ ಅದನ್ನು ಬೇರೆ ಮನೆಯಾಗಿಸಬಹುದೇ? ಯಾವ ಗೋಡೆಗಳನ್ನು ಒಡೆಯಬಹುದು? ಮೂರನೆಯದಕ್ಕೆ ಉತ್ತರವನ್ನು ಪ್ಲಾನಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿ, ಒಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.