ಲಕ್ಕಮ್ಮನ ಅಕ್ಕಿಯೂ ಹೆಚ್ಚು ಹೊತ್ತಿನ ಕೂಲಿಯೂ

ಆಯ್ದಕ್ಕಿ ಮಾರಯ್ಯನ ಪ್ರಸಂಗವು ಶೂನ್ಯಸಂಪಾದನೆಯ ಓದುಗರಿಗೆ ಸುಪರಿಚಿತವಾದುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯದ ಅಳತೆಯನ್ನು ಮೀರಿ ತಂದನು. ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಹೆಚ್ಚು ಕೂಲಿಯನ್ನು ಕೇಳುವುದೇ ಕಾಯಕಕ್ಕೆ ಕುಂದೆಂಬ ಅರ್ಥವನ್ನು ಇದರಿಂದ ಹೊರಡಿಸುವುದು ಸುಲಭ, ಆದರೆ ಸಾಧುವಲ್ಲ. ಮಾರಯ್ಯನನ್ನು ದುಡಿಸುವ ಒಡೆಯನಿರಲಿಲ್ಲ, ಆಯ್ದ ಅಕ್ಕಿಗೆ ದರವಿರಲಿಲ್ಲ. ಲಕ್ಕಮ್ಮನು ಅಳೆದುದು ಅಗತ್ಯವನ್ನೇ ಹೊರತು ದುಡಿದ ಹೊತ್ತನ್ನಲ್ಲ.

ಈ ಭೇದವು ಗ್ರಂಥದೊಳಗೆ ಸೂಕ್ಷ್ಮವಾಗಿ ತೋರಿದರೂ ಮಗ್ಗದ ಮುಂದೆ ನಿಚ್ಚಳವಾಗುತ್ತದೆ. ಮಲಪ್ರಭೆಯ ದಂಡೆಯ ರಾಮದುರ್ಗವನ್ನು ನೋಡಬಹುದು. ಭಾವೆಯವರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಊರು ಕೈಮಗ್ಗದ ನೇಕಾರರ ನೆಲೆ. ಅದೇ ವರ್ಷದ ಕಾರ್ಖಾನೆ ಕಾಯಿದೆಯ 59ನೆಯ ಕಲಮು, ದಿನಕ್ಕೆ 9 ಅಥವಾ ವಾರಕ್ಕೆ 48 ತಾಸುಗಳನ್ನು ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನು ವಿಧಿಸಿತು. ನಗದ ಲೆಕ್ಕದಲ್ಲಿ ದುಡಿಯುವವರನ್ನೂ ಅದು ಮರೆಯಲಿಲ್ಲ. ಸರಾಸರಿ ಗಳಿಕೆಯಿಂದ ಅವರ ಹೊತ್ತಿನ ದರವನ್ನು ಗೊತ್ತುಪಡಿಸತಕ್ಕದ್ದೆಂದಿತು. ಆದರೆ ಯಂತ್ರಶಕ್ತಿಯಿಲ್ಲದ ಕಡೆ 20 ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆಯೆನಿಸುತ್ತಿತ್ತು. ಮನೆಯೊಳಗಿನ ಕುಣಿಮಗ್ಗವು ಆ ಎಣಿಕೆಗೆ ಬರುವುದೆಂತು?

ಸೀರೆಯೊಂದಕ್ಕೆ ಇಷ್ಟು ಮಜೂರಿಯೆಂದು ಗೊತ್ತಾದ ಬಳಿಕ, ಹಗಲಿನಲ್ಲಿ ನೆಯ್ದುದಕ್ಕೂ ಹಬ್ಬದ ಮುಂಚೆ ದೀಪದ ಬೆಳಕಿನಲ್ಲಿ ನೆಯ್ದುದಕ್ಕೂ ಬೆಲೆ ಒಂದೇ. ಕಂಡಿಕೆ ಸುತ್ತುವ ಹೆಂಡತಿಮಕ್ಕಳ ಹೊತ್ತಂತೂ ಲೆಕ್ಕಕ್ಕೇ ಹತ್ತದು. ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳನ್ನು ಕುರಿತ ಕರ್ನಾಟಕದ 1963ರ ಕಾಯಿದೆಯು ರಜೆಯ ದಿನದ ದುಡಿಮೆಗೆ ಇಮ್ಮಡಿ ಕೂಲಿಯನ್ನಾಗಲಿ, ಕೂಲಿಯೊಡನೆ ಬದಲಿ ರಜೆಯನ್ನಾಗಲಿ ವಿಧಿಸಿತು. ಅದು ಸಹ ಕೈಗಾರಿಕಾ ಸಂಸ್ಥೆಗಳನ್ನು ಕುರಿತದ್ದು. ತನ್ನ ಮನೆಯಲ್ಲಿಯೇ ನೆಯ್ಯುವವನಿಗೆ ರಜೆಯನ್ನು ಕೊಡುವವರೇ ಇಲ್ಲ!

ಇಂತಹ ನೇಕಾರನು ತಡರಾತ್ರಿಯ ದುಡಿಮೆಗೆ ಹೆಚ್ಚಿನ ಮಜೂರಿಯನ್ನು ಬೇಡಿದರೆ, ಅವನಿಗೆ ಲಕ್ಕಮ್ಮನ ಮಾತನ್ನು ಬುದ್ಧಿಯಾಗಿ ಹೇಳುವುದು ಪ್ರಸಂಗವನ್ನು ತಲೆಕೆಳಗು ಮಾಡಿದಂತೆ. ಅಳತೆ ಮೀರಿ ಒಯ್ಯುವವನು ಇಲ್ಲಿ ನೇಕಾರನಲ್ಲ; ಒಂದೇ ದರದಲ್ಲಿ ಅವನ ರಾತ್ರಿಯನ್ನೂ ಹಬ್ಬವನ್ನೂ ಪಡೆಯುವವನು. ಅಲ್ಲದೆ, ಮಾತಿನಲ್ಲಿ ಮೈಮರೆತಿದ್ದ ಮಾರಯ್ಯನಿಗೆ ಕಾಯಕವು ತಪ್ಪಿತೆಂದು ನೆನಪಿಸಿದವಳೂ ಇದೇ ಲಕ್ಕಮ್ಮನು. ಅಕ್ಕಿಯ ಅಳತೆಯನ್ನು ಮಾತ್ರ ಎತ್ತಿಕೊಂಡು ಹೊತ್ತಿನ ಎಚ್ಚರವನ್ನು ಬಿಡುವ ವ್ಯಾಖ್ಯಾನವು ಪ್ರಸಂಗದ ಅರ್ಧವನ್ನಷ್ಟೇ ಓದಿದೆ.